ಶಿರಸಿಯ ಅಡಿಕೆ, ತಲೆಬರಹದ ಅಡಿಕೆ

ಅಡಿಕೆಗೆ ದಾಖಲೆ ದರ ಬಂದಿದೆ ಎಂಬ ಸುದ್ದಿ, ಅಡಿಕೆ ಆಮದಿಗೆ ಕೇಂದ್ರ ಒಪ್ಪಿದೆ ಎಂಬ ಸುದ್ದಿ, ಅಡಿಕೆ ನಿಷೇಧಕ್ಕೆ ತಯಾರಿ ನಡೆದಿದೆ ಎಂಬ ಸುದ್ದಿ: ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರದ ಬೆಳೆಗಾರರು ಕೆಲವು ವರ್ಷಗಳಿಂದ ಈ ಮೂರನ್ನೂ ಸರದಿಯ ಮೇಲೆ ಓದುತ್ತ ಬಂದಿದ್ದಾರೆ. ಮೂರೂ ಒಟ್ಟಿಗೆ ನಿಜವಾಗಿರಲಾರವು ಎಂದು ಓದುಗನಿಗೆ ತೋರುವುದು ಸಹಜವೇ. ವಿಚಿತ್ರವೆಂದರೆ, ಮೂರಕ್ಕೂ ಒಂದೊಂದು ಕಾಗದದ ಆಧಾರವಿದೆ. ಯಾವುದೂ ಪೂರ್ತಿ ಸುಳ್ಳಲ್ಲ. ತೊಡಕಿರುವುದು ಬೇರೆಡೆ. ಆ ಕಾಗದ ಯಾರಿಗೆ ಅನ್ವಯಿಸುತ್ತದೆ, ಯಾವ ಹಂತದಲ್ಲಿದೆ, ಎಷ್ಟು ಪ್ರಮಾಣದ ಮಾತನ್ನು ಆಡುತ್ತಿದೆ ಎಂಬ ವಿವರಗಳು ಮಾರುಕಟ್ಟೆಯ ಪ್ರಾಂಗಣದಿಂದಲೋ ದೆಹಲಿಯ ಕಚೇರಿಯಿಂದಲೋ ಪತ್ರಿಕೆಯ ಪುಟಕ್ಕೆ ಬರುವ ದಾರಿಯಲ್ಲಿ ಉದುರಿಹೋಗುತ್ತವೆ. ಹತ್ತು ಚೀಲ ಅಡಿಕೆಯನ್ನು ಇಂದು ಮಾರಬೇಕೋ ತಿಂಗಳು ಕಾಯಬೇಕೋ ಎಂದು ಲೆಕ್ಕ ಹಾಕುತ್ತಿರುವವನಿಗೆ ಬೇಕಾದದ್ದು ಮಾತ್ರ ಆ ಉದುರಿಹೋದ ವಿವರಗಳೇ.

ಗರಿಷ್ಠ ದರ ಯಾರ ದರ?

ಶಿರಸಿ ಮಾರುಕಟ್ಟೆಯಲ್ಲಿ ‘ಅಡಿಕೆ’ ಎಂಬ ಒಂದೇ ಸರಕು ಇಲ್ಲ. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಬಗೆಗಳಿವೆ. ಹಸಿರಾಗಿರುವಾಗಲೇ ಕೊಯ್ದು ಬೇಯಿಸಿ ಒಣಗಿಸಿದ ರಾಶಿಯಂಥ ಕೆಂಪಡಿಕೆಗೂ ಹಣ್ಣಾದ ಮೇಲೆ ಅಂಗಳದಲ್ಲಿ ಒಣಗಿಸಿ ಸುಲಿದ ಚಾಲಿಗೂ ಕೊಳ್ಳುವವರೇ ಬೇರೆ. ಪ್ರತಿ ಬಗೆಗೂ ಟೆಂಡರ್ ನಡೆಯುತ್ತದೆ. ಪ್ರತಿ ಬಗೆಗೂ ಆ ದಿನದ ಕನಿಷ್ಠ ದರ, ಗರಿಷ್ಠ ದರ ಮತ್ತು ಹೆಚ್ಚಿನ ಮಾಲು ಮಾರಾಟವಾದ ಸಾಮಾನ್ಯ ದರ ದಾಖಲಾಗುತ್ತವೆ. ರಾಜ್ಯದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಈ ಮೂರೂ ಸಿಗುತ್ತವೆ. ತಲೆಬರಹಕ್ಕೆ ಏರುವುದು ಮಾತ್ರ ಗರಿಷ್ಠ ದರ.

ಇದರಿಂದ ಆಗುವ ವ್ಯತ್ಯಾಸವನ್ನು ಒಂದು ಕಲ್ಪಿತ ಲೆಕ್ಕದಿಂದ ನೋಡಬಹುದು. ಒಂದು ದಿನ ನೂರು ಕ್ವಿಂಟಲ್ ಚಾಲಿ ಮಾರುಕಟ್ಟೆಗೆ ಬಂದಿದೆ, ಅದರಲ್ಲಿ ಎರಡೇ ಕ್ವಿಂಟಲ್ ಆರಿಸಿದ ಉತ್ತಮ ಮಾಲು ಕ್ವಿಂಟಲ್‌ಗೆ ₹50,000ಕ್ಕೆ ಹೋಯಿತು, ಉಳಿದದ್ದು ₹44,000ರ ಆಸುಪಾಸಿನಲ್ಲಿ ಮಾರಾಟವಾಯಿತು ಎಂದುಕೊಳ್ಳೋಣ. ಮರುದಿನದ ಸುದ್ದಿ ಐವತ್ತು ಸಾವಿರದ್ದು. ಅದನ್ನು ಓದಿದ ಬೆಳೆಗಾರ ತನ್ನ ಮಾಲಿಗೆ ನಲವತ್ತನಾಲ್ಕು ಸಾವಿರದ ಟೆಂಡರ್ ಬಂದಾಗ ಮೋಸವಾಯಿತೆಂದು ಭಾವಿಸುತ್ತಾನೆ, ಇಲ್ಲವೇ ಮಾಲನ್ನು ಹಿಂದಕ್ಕೆ ಒಯ್ಯುತ್ತಾನೆ. ದೂರದರ್ಶನ ವಾಹಿನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಶಿವಮೊಗ್ಗ ಕಡೆಯ ‘ಸರಕು’ ಎಂಬ, ಅತಿ ಹೆಚ್ಚು ಬೆಲೆ ಬಾಳುವ ಆದರೆ ಅತಿ ಕಡಿಮೆ ಬರುವ ಬಗೆಯ ದರವನ್ನು ಇಡೀ ರಾಜ್ಯದ ‘ಅಡಿಕೆ ದರ’ ಎಂದು ತೋರಿಸುವುದುಂಟು. ಚಾಲಿ ಮಾಡುವ ಶಿರಸಿಯ ತೋಟಿಗನಿಗೆ ಆ ಸಂಖ್ಯೆಯಿಂದ ಆಗಬೇಕಾದ್ದು ಏನೂ ಇಲ್ಲ.

ದರದ ಸುದ್ದಿಯಲ್ಲಿ ಕಾಣೆಯಾಗುವ ಇನ್ನೊಂದು ಸಂಗತಿ ಇಳುವರಿ. ಮಳೆ ಬಿಡದೆ ಸುರಿದ ವರ್ಷ, ರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡದೆ ಕೊಳೆರೋಗ ತಗುಲಿ, ಕಾಯಿ ಉದುರಿ ಫಸಲು ಕುಸಿಯುತ್ತದೆ; ಅದರ ಮೇಲೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಮಾರುಕಟ್ಟೆಗೆ ಮಾಲು ಕಡಿಮೆ ಬಂದದ್ದರಿಂದಲೇ ದರ ಏರಿದ್ದರೆ, ಆ ಏರಿಕೆ ನಷ್ಟದ ಇನ್ನೊಂದು ಮುಖ ಮಾತ್ರ. ಎಕರೆಗೆ ಹತ್ತು ಕ್ವಿಂಟಲ್ ಬರುತ್ತಿದ್ದಲ್ಲಿ ಆರು ಬಂದರೆ, ದರ ಮೂರನೇ ಒಂದು ಭಾಗ ಏರಿದರೂ ಮನೆಗೆ ಬರುವ ಹಣ ಹಿಂದಿಗಿಂತ ಕಡಿಮೆಯೇ. ಆದರೆ ದರದ ಸುದ್ದಿ ಒಂದು ಪುಟದಲ್ಲಿ, ಕೊಳೆರೋಗದ ಸುದ್ದಿ ಮತ್ತೊಂದು ಪುಟದಲ್ಲಿ, ಬೇರೆ ಬೇರೆ ತಿಂಗಳುಗಳಲ್ಲಿ ಅಚ್ಚಾಗುತ್ತವೆ. ಎರಡನ್ನೂ ಗುಣಿಸಿ ನೋಡುವ ಕೆಲಸ ಓದುಗನ ಪಾಲಿಗೆ ಉಳಿಯುತ್ತದೆ. ಮರವೇರುವ ಕೊನೆಗೌಡನ ಕೂಲಿ, ಅಡಿಕೆ ಸುಲಿಯುವ ಹೆಂಗಸರ ಕೂಲಿ ಈ ಏರಿಳಿತದಲ್ಲಿ ಏನಾಯಿತು ಎಂಬುದಂತೂ ಯಾವ ಪುಟದಲ್ಲೂ ಬರುವುದು ಅಪರೂಪ.

ಹಣದುಬ್ಬರ ಇಳಿದ ತಿಂಗಳು

ಅಡಿಕೆಯ ವಿಷಯದಲ್ಲಿ ಗರಿಷ್ಠ ದರವನ್ನು ಎಲ್ಲರ ದರವೆಂದು ತಿಳಿಯುವ ತಪ್ಪಾದರೆ, ಹಣದುಬ್ಬರದ ವಿಷಯದಲ್ಲಿ ದೇಶದ ಸರಾಸರಿಯನ್ನು ಪ್ರತಿ ಮನೆಯ ಲೆಕ್ಕವೆಂದು ತಿಳಿಯುವ ತಪ್ಪಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. ಇದರ ಅರ್ಥ ಇಷ್ಟೇ: ಹಿಂದಿನ ವರ್ಷದ ಅಕ್ಟೋಬರ್‌ಗೆ ಹೋಲಿಸಿದರೆ ಸರಾಸರಿ ಬೆಲೆಮಟ್ಟ ಬಹುತೇಕ ಅಲ್ಲೇ ನಿಂತಿದೆ, ಅದಕ್ಕೂ ಹಿಂದಿನ ವರ್ಷಗಳಲ್ಲಿ ಏರಿದ್ದು ಏರಿಯೇ ಇದೆ. ಈ ಹಣದುಬ್ಬರವನ್ನು ಅಳೆಯುವ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ತೂಕ ಶೇ 45.86 ಆಗಿದ್ದುದರಿಂದ, ತರಕಾರಿ ಅಗ್ಗವಾದದ್ದು ಇಡೀ ಸಂಖ್ಯೆಯನ್ನು ಬಹುಮಟ್ಟಿಗೆ ಕೆಳಗೆ ಎಳೆಯಿತು. ಅದೇ ವರ್ಷ ತೆಂಗಿನಕಾಯಿ, ತೆಂಗಿನೆಣ್ಣೆ ಹಿಂದೆಂದೂ ಕಾಣದಷ್ಟು ದುಬಾರಿಯಾಗಿದ್ದವು. ಕಾಯಿ ತುರಿಯದೆ ಒಲೆ ಹಚ್ಚದ ಕುಮಟಾ, ಹೊನ್ನಾವರದ ಮನೆಗಳಲ್ಲಿ ‘ಬೆಲೆ ಏರಿಕೆಗೆ ಕಡಿವಾಣ’ ಎಂಬ ಮಾತು ವ್ಯಂಗ್ಯದಂತೆ ಕೇಳಿಸಿದ್ದರೆ ತಪ್ಪು ಓದುಗರದ್ದಲ್ಲ.

ಆಮದು ದರವೂ ಬೆಂಬಲ ಬೆಲೆಯೂ

2023ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ದರವನ್ನು ಕೆಜಿಗೆ ₹251ರಿಂದ ₹351ಕ್ಕೆ ಏರಿಸಿತು. ‘ಅಡಿಕೆಗೆ ಕನಿಷ್ಠ ದರ 351’ ಎಂದು ಸಂಕ್ಷೇಪಿಸಿದಾಗ, ತಮ್ಮ ಅಡಿಕೆಯನ್ನು ಯಾರಾದರೂ ಈ ದರಕ್ಕೆ ಕೊಳ್ಳಲೇಬೇಕು ಎಂದು ಅರ್ಥ ಮಾಡಿಕೊಂಡವರಿದ್ದಾರೆ. ಹಾಗೆ ಕೊಳ್ಳುವ ಹೊಣೆ ಯಾರ ಮೇಲೂ ಇಲ್ಲ. ಕೇಂದ್ರ ಸರ್ಕಾರ ಕನಿಷ್ಠ ಬೆಂಬಲ ಬೆಲೆ ಘೋಷಿಸುವ ಬೆಳೆಗಳ ಪಟ್ಟಿಯಲ್ಲಿ ಅಡಿಕೆ ಇಲ್ಲವೇ ಇಲ್ಲ. ಕನಿಷ್ಠ ಆಮದು ದರವೆಂಬುದು ಗಡಿಯಲ್ಲಿ ಹಾಕಿದ ಒಂದು ತಡೆ: ವಿಮೆ ಮತ್ತು ಸಾಗಣೆ ವೆಚ್ಚ ಸೇರಿ ಕೆಜಿಗೆ ₹351ಕ್ಕಿಂತ ಕಡಿಮೆ ಬೆಲೆ ನಮೂದಾದ ಅಡಿಕೆಯನ್ನು ದೇಶದೊಳಗೆ ತರುವಂತಿಲ್ಲ. ಅದರ ಜೊತೆಗೆ ಶೇ 100ರ ಮೂಲ ಆಮದು ಸುಂಕವೂ ಇದೆ. ಈ ತಡೆಯಿಂದ ದೇಶದೊಳಗಿನ ದರಕ್ಕೆ ಪರೋಕ್ಷ ಆಸರೆ ಸಿಗಬಹುದು. ದರ ಕುಸಿದ ದಿನ ಅದನ್ನು ಎತ್ತಿ ಹಿಡಿಯುವ ಶಕ್ತಿ ಅದಕ್ಕಿಲ್ಲ.

ಈ ತಡೆಯಲ್ಲಿಯೂ ಕಿಂಡಿಗಳಿವೆ. ಪೂರ್ತಿ ರಫ್ತಿಗಾಗಿಯೇ ಇರುವ ಘಟಕಗಳಿಗೆ, ವಿಶೇಷ ಆರ್ಥಿಕ ವಲಯದ ಘಟಕಗಳಿಗೆ ಈ ದರದ ಷರತ್ತು ಅನ್ವಯಿಸುವುದಿಲ್ಲ. ಅಗ್ಗದ ಮಾಲಿಗೆ ಕಾಗದದ ಮೇಲೆ ಹೆಚ್ಚಿನ ಬೆಲೆ ಬರೆದು ತರುತ್ತಾರೆ, ಮೂರನೆಯ ದೇಶದ ಅಡಿಕೆಗೆ ನೆರೆಯ ದೇಶದ ಹೆಸರು ಕೊಟ್ಟು ತರುತ್ತಾರೆ ಎಂಬುದು ಬೆಳೆಗಾರರ ಸಂಘಟನೆಗಳ ಹಳೆಯ ದೂರು. ದರ ಏರಿಸಿದ ದಿನದ ಅಭಿನಂದನೆಯ ಹೇಳಿಕೆಗಳಿಗೆ ಪತ್ರಿಕೆಯಲ್ಲಿ ಸಿಕ್ಕ ಜಾಗದ ಕಾಲು ಭಾಗವೂ ಈ ವಿನಾಯಿತಿಗಳ ವಿವರಕ್ಕೆ ಸಿಗಲಿಲ್ಲ.

ಭೂತಾನದ 17,000 ಟನ್

2022ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಸುಂಕದ ಕಟ್ಟೆಯ ಮೂಲಕ ತರಲು ಅನುಮತಿಸಿತು. ಮಲೆನಾಡಿನಲ್ಲಿ ಕೋಲಾಹಲವೆದ್ದಿತು. ಆಡಳಿತ ಪಕ್ಷದವರು ಇದರಿಂದ ಏನೂ ಆಗದು ಎಂದರು, ವಿರೋಧ ಪಕ್ಷದವರು ಬೆಳೆಗಾರ ಮುಳುಗಿದ ಎಂದರು, ಸುದ್ದಿಗಳು ಎರಡೂ ಮಾತನ್ನು ಪಕ್ಕಪಕ್ಕದಲ್ಲಿ ಅಚ್ಚುಮಾಡಿ ಸಮತೋಲನ ಸಾಧಿಸಿದವು. ಯಾರ ಮಾತು ಎಷ್ಟು ಸರಿ ಎಂದು ನೋಡಲು ಬೇಕಿದ್ದದ್ದು ಒಂದು ಭಾಗಾಕಾರ.

ಭಾರತದ ವಾರ್ಷಿಕ ಅಡಿಕೆ ಉತ್ಪಾದನೆ 12 ಲಕ್ಷ ಟನ್ನಿಗೂ ಹೆಚ್ಚು. 17,000 ಟನ್ ಅದರ ಶೇ 1.4ರಷ್ಟು. ಅದೂ ಹಸಿ ಅಡಿಕೆಯ ತೂಕ. ಸಿಪ್ಪೆ ಕಳೆದು ಒಣಗಿದ ಮೇಲೆ ಐದರಲ್ಲಿ ಒಂದು ಪಾಲು ಉಳಿದರೆ ಹೆಚ್ಚು ಎಂಬುದು ಅಡಿಕೆ ಒಣಗಿಸಿದ ಯಾರಿಗೂ ಹೊಸ ಸಂಗತಿಯಲ್ಲ. ಹಾಗೆ ನೋಡಿದರೆ ಒಣ ಅಡಿಕೆಯ ಲೆಕ್ಕದಲ್ಲಿ ಅದು 3,500 ಟನ್ನಿನ ಒಳಗೇ ಬರುತ್ತದೆ. ಪ್ರಮಾಣದಿಂದ ಬೆಲೆ ಮುರಿದುಬೀಳುವ ಭಯಕ್ಕೆ ಆಧಾರ ಕಡಿಮೆ ಎಂದಾಯಿತು. ಆದರೆ ‘ಏನೂ ಆಗದು’ ಎಂಬುದೂ ಅರ್ಧ ಮಾತೇ. ಷರತ್ತಿಲ್ಲದ ಒಂದು ದಾರಿ ತೆರೆದುಕೊಂಡ ಮೇಲೆ ಅದೇ ದಾರಿಯಲ್ಲಿ ಬೇರೆ ದೇಶದ ಮಾಲು ಬಾರದಂತೆ ಮೂಲದ ಪರಿಶೀಲನೆ ಎಷ್ಟು ಬಿಗಿಯಾಗಿದೆ ಎಂಬುದು ನಿಜವಾದ ಪ್ರಶ್ನೆಯಾಗಿತ್ತು. ಅಂಥ ಪ್ರಶ್ನೆಗೆ ಉತ್ತರ ಸಿಗುವುದು ಸುಂಕ ಇಲಾಖೆಯ ದಾಖಲೆಗಳಲ್ಲಿ. ಶಾಸಕರ ಪತ್ರಿಕಾಗೋಷ್ಠಿಯಲ್ಲಿ ಸಿಗುವುದು ಕಷ್ಟ.

ನಿಷೇಧ ಎಂಬ ಪದ

ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಆ ವರದಿ ಪ್ರಕಟವಾದದ್ದು 2004ರಲ್ಲಿ. ಇಪ್ಪತ್ತು ವರ್ಷ ದಾಟಿದ ಈ ವರ್ಗೀಕರಣ, ಹೊಸದಾಗಿ ಯಾರಾದರೂ ಉಲ್ಲೇಖಿಸಿದಾಗಲೆಲ್ಲ, ಅಂದೇ ಹೊರಬಿದ್ದ ತೀರ್ಪಿನಂತೆ ಸುದ್ದಿಯಾಗುತ್ತದೆ. ಆ ಸಂಸ್ಥೆ ಹೇಳುವುದು ಅಪಾಯವಿದೆಯೋ ಇಲ್ಲವೋ ಎಂದು. ಭಾರತದಲ್ಲಿ ಏನನ್ನಾದರೂ ನಿಷೇಧಿಸುವ ಅಧಿಕಾರ ಅದಕ್ಕಿಲ್ಲ. ಇಲ್ಲಿ ನಿಷೇಧವಾಗಬೇಕಾದರೆ ಇಲ್ಲಿನ ಕಾನೂನಿನ ಮೂಲಕವೇ ಆಗಬೇಕು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದದ್ದು ಆಹಾರ ಸುರಕ್ಷತಾ ನಿಯಮಗಳ ಅಡಿಯಲ್ಲಿ, ಅದರಲ್ಲಿ ತಂಬಾಕು ಸೇರಿದೆ ಎಂಬ ಕಾರಣಕ್ಕೆ.

ಅಡಿಕೆ, ಪಾನ್ ಮಸಾಲೆ, ಗುಟ್ಕಾ ಈ ಮೂರಕ್ಕೂ ಕಾನೂನಿನ ಕಣ್ಣಿನಲ್ಲಿ ಬೇರೆ ಬೇರೆ ಸ್ಥಾನವಿದೆ. ಸುದ್ದಿಯಲ್ಲಿ ಮೂರೂ ಒಂದಾದಾಗ ಎರಡು ಬಗೆಯ ಹಾನಿಯಾಗುತ್ತದೆ. ನಿಷೇಧದ ಗುಲ್ಲೆದ್ದ ವಾರ ವರ್ತಕರು ಕಾದು ನೋಡಲು ತೊಡಗಿದರೆ, ಸಾಲದ ಕಂತಿಗಾಗಿ ಮಾರಲೇಬೇಕಾದ ಸಣ್ಣ ಹಿಡುವಳಿದಾರ, ಮುಂಗಡ ಕೊಟ್ಟು ಮರದ ಮೇಲಿನ ಫಸಲನ್ನೇ ಹಿಡಿದಿರುವ ಫಸಲು ಗುತ್ತಿಗೆದಾರ, ಇವರಿಬ್ಬರೇ ಮೊದಲು ಪೆಟ್ಟು ತಿನ್ನುತ್ತಾರೆ; ಗೋದಾಮಿನಲ್ಲಿ ಇಟ್ಟುಕೊಳ್ಳಬಲ್ಲವರಿಗೆ ಅಷ್ಟು ತಾಗದು. ಎರಡನೆಯದು, ಗುಲ್ಲಿಗೆ ಉತ್ತರವಾಗಿ ಬರುವ ಸುದ್ದಿ ಇನ್ನೊಂದು ತುದಿಗೆ ಹೋಗಿ ‘ಅಡಿಕೆಯಿಂದ ಯಾವ ಹಾನಿಯೂ ಇಲ್ಲ’ ಎಂದು ಸಾರುತ್ತದೆ. ಜಗಿಯುವ ಚಟದಿಂದ ಬಾಯಿಯ ರೋಗಕ್ಕೆ ತುತ್ತಾದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ ಎಂಬುದನ್ನು ಮರೆಮಾಚದೆಯೂ ಬೆಳೆಗಾರರ ಬದುಕಿನ ಪರ ವಾದಿಸಲು ಸಾಧ್ಯವಿದೆ. ಬೆಳೆಗಾರರೇ ಓದುಗರಾಗಿರುವ ಊರಿನಲ್ಲಿ ಅದನ್ನು ಬರೆಯುವುದು ಸುಲಭವಲ್ಲ ಎಂಬುದೂ ನಿಜ.

ಆರು ಕರಡುಗಳ ಕಥೆ

ಕಾಗದ ಯಾವ ಹಂತದಲ್ಲಿದೆ ಎಂಬ ಗೊಂದಲ, ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಸುದ್ದಿಗಳಲ್ಲಿ ಇನ್ನೂ ದಟ್ಟವಾಗಿದೆ. 2013ರ ಆ ವರದಿಯ ಆಧಾರದ ಮೇಲೆ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಮೊದಲ ಕರಡು ಅಧಿಸೂಚನೆ 2014ರಲ್ಲಿ ಬಂತು. ಆರನೆಯದು 2024ರ ಜುಲೈ 31ರಂದು, ವಯನಾಡಿನ ಭೂಕುಸಿತದ ಮರುದಿನ ಹೊರಬಿತ್ತು. ಒಟ್ಟು 56,825 ಚದರ ಕಿಲೋಮೀಟರಿನಲ್ಲಿ ಕರ್ನಾಟಕದ ಪಾಲು 20,668. ಅದೇ ವರ್ಷದ ಸೆಪ್ಟೆಂಬರ್ 26ರಂದು ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು.

ಕರಡು ಬಂದಾಗ ‘ವರದಿ ಜಾರಿ’ ಎಂದೂ ಸಂಪುಟದ ನಿರ್ಣಯದ ದಿನ ‘ವರದಿಗೆ ತಿಲಾಂಜಲಿ’ ಎಂಬ ಧಾಟಿಯಲ್ಲೂ ಸುದ್ದಿ ಹರಿದಾಡಿತು. ಕರಡೆಂದರೆ ಜಾರಿಯಲ್ಲ. ತಿರಸ್ಕಾರವೆಂದರೆ ಮುಕ್ತಾಯವೂ ಅಲ್ಲ, ಏಕೆಂದರೆ ಅಂತಿಮ ಅಧಿಸೂಚನೆ ಹೊರಡಿಸುವ ಅಧಿಕಾರ 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ್ದು. ರಾಜ್ಯದ ನಿರ್ಣಯಕ್ಕೆ ಒಂದು ಪ್ರಬಲ ಆಕ್ಷೇಪಣೆಯ ತೂಕವಿದೆ. ಕರಡು ನಿಷೇಧಿಸುವುದು ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯದ ‘ಕೆಂಪು ಪಟ್ಟಿ’ಯ ಹೊಸ ಕೈಗಾರಿಕೆ ಮತ್ತು 20,000 ಚದರ ಮೀಟರ್ ಅಥವಾ ಅದಕ್ಕೂ ದೊಡ್ಡ ಕಟ್ಟಡ ಯೋಜನೆಗಳನ್ನು. ಇರುವ ಮನೆಯ ದುರಸ್ತಿ, ವಿಸ್ತರಣೆಗೆ ಅದರಲ್ಲಿ ಅವಕಾಶವಿದೆ. ಹಾಗಿದ್ದೂ ಸಿದ್ದಾಪುರದ, ಜೋಯಿಡಾದ ಹಳ್ಳಿಗರು ಹೆದರುವುದಕ್ಕೆ ಕಾರಣಗಳಿಲ್ಲದಿಲ್ಲ: ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನಬೆಟ್ಟದ ಬಳಕೆಯ ಮೇಲೆ ಮುಂದೆ ನಿರ್ಬಂಧ ಬಂದೀತೇ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಮೂರು ತಲೆಮಾರಿನ ವಾಸವನ್ನು ರುಜುವಾತು ಮಾಡಲಾಗದೆ ಬಾಕಿ ಉಳಿದ ಅರ್ಜಿಗಳ ಗತಿ ಏನು ಎಂಬ ಪ್ರಶ್ನೆಗಳಿಗೆ ಕರಡಿನಲ್ಲಿ ನೇರ ಉತ್ತರ ಕಾಣುವುದಿಲ್ಲ. ಈ ನಿರ್ದಿಷ್ಟ ಭಯವನ್ನು ನಿರ್ದಿಷ್ಟವಾಗಿಯೇ ಬರೆಯುವ ಬದಲು ‘ಜನ ಒಕ್ಕಲೆದ್ದು ಹೋಗಬೇಕಾಗುತ್ತದೆ’ ಎಂದು ಹಿಗ್ಗಿಸಿ ಬರೆದಾಗ, ಕೇಂದ್ರಕ್ಕೆ ‘ಇದು ತಪ್ಪು ತಿಳಿವಳಿಕೆ’ ಎಂದು ತಳ್ಳಿಹಾಕುವುದು ಸುಲಭವಾಗುತ್ತದೆ. ಪ್ರತಿ ಕರಡಿಗೂ ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಧಿಯಿತ್ತು. ಆ ಅವಧಿಯಲ್ಲಿ ಓದುಗರಿಗೆ ಹೆಚ್ಚಾಗಿ ಸಿಕ್ಕಿದ್ದು ನಾಯಕರ ಆರೋಪ, ಪ್ರತ್ಯಾರೋಪ.

ಪತ್ರಿಕೆಗಳ ವಾದ

ಪತ್ರಿಕೆಗಳ ಕಡೆಯಿಂದಲೂ ಹೇಳಲಿಕ್ಕಿದೆ, ಅದು ನೆಪವೆಂದು ತಳ್ಳಿಹಾಕುವಂಥದ್ದಲ್ಲ. ತಾಲ್ಲೂಕಿನ ವರದಿಗಾರರಲ್ಲಿ ಅನೇಕರು ಅರೆಕಾಲಿಕರು. ಅಪಘಾತ, ಉತ್ಸವ, ಸಹಕಾರಿ ಸಂಘದ ವಾರ್ಷಿಕ ಸಭೆ, ಅಧಿಸೂಚನೆ ಎಲ್ಲವನ್ನೂ ಒಬ್ಬರೇ ನಿಭಾಯಿಸಬೇಕು. ಅಧಿಸೂಚನೆ ಬರುವುದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ, ಸಂಜೆಯ ಹೊತ್ತಿಗೆ. ಪುಟ ಮುಗಿಸುವ ಒತ್ತಡವೂ ಅದೇ ಹೊತ್ತಿಗೆ. ವರದಿಗಾರ ವಿವರವಾಗಿಯೇ ಬರೆದರೂ ತಲೆಬರಹ ಕೊಡುವವರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕುಳಿತವರು, ಅವರಿಗೆ ರಾಶಿಗೂ ಚಾಲಿಗೂ ಇರುವ ಅಂತರ ಗೊತ್ತಿರಲೇಬೇಕೆಂದಿಲ್ಲ. ಅಲ್ಲದೆ ಓದುಗರೇ ಕೇಳುವ ಮೊದಲ ಪ್ರಶ್ನೆ ‘ಇವತ್ತು ಎಷ್ಟಕ್ಕೆ ಹೋಯ್ತು?’ ಎಂಬುದು, ಅದಕ್ಕೆ ಒಂದೇ ಸಂಖ್ಯೆಯ ಉತ್ತರ ಕೊಟ್ಟರೆ ಪತ್ರಿಕೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ವಾಟ್ಸ್‌ಆ್ಯಪ್‌ನಲ್ಲಂತೂ ವರದಿ ಕತ್ತರಿಸಿಹೋಗಿ ತಲೆಬರಹದ ಚಿತ್ರವಷ್ಟೇ ಊರೂರು ತಿರುಗುತ್ತದೆ.

ಬೆಂಗಳೂರಿನ ವಾಹಿನಿಗಳಿಗೆ ಉತ್ತರ ಕನ್ನಡ ಕಾಣುವುದು ಗುಡ್ಡ ಕುಸಿದಾಗ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ ವಾರಗಟ್ಟಲೆ ಗಂಗಾವಳಿ ನದಿಯ ದಂಡೆಯಿಂದ ನೇರ ಪ್ರಸಾರ ನಡೆಯಿತು. ಗುಡ್ಡವನ್ನು ಯಾವ ಕೋನದಲ್ಲಿ ಕಡಿಯಲಾಗಿತ್ತು, ಅದಕ್ಕೆ ಹೊಣೆ ಯಾರು ಎಂಬ ಪ್ರಶ್ನೆಗೆ ಕ್ಯಾಮೆರಾಗಳು ಅಷ್ಟು ದಿನ ನಿಲ್ಲಲಿಲ್ಲ.

ಕೇಣಿಯ ಜಾಹೀರಾತು

ಸುದ್ದಿಯ ಈ ರೀತಿಯಿಂದ ಮುಂದೆ ಏನಾಗಬಹುದು ಎಂಬುದಕ್ಕೆ ಕರಾವಳಿಯ ಬಂದರು ಯೋಜನೆಗಳು ಉದಾಹರಣೆ. ಅಂಕೋಲಾದ ಕೇಣಿಯಲ್ಲಿ ಬಂದರು ನಿರ್ಮಿಸಲು ಜೆಎಸ್‌ಡಬ್ಲ್ಯು ಸಮೂಹದ ಕಂಪನಿ 2023ರಲ್ಲಿ ಆಯ್ಕೆಯಾದಾಗ ಸುದ್ದಿಯಲ್ಲಿ ಎದ್ದು ಕಂಡ ಸಂಖ್ಯೆ ₹4,119 ಕೋಟಿ. ಅದು ಯೋಜನೆಯ ಅಂದಾಜು ವೆಚ್ಚ. ಯಂತ್ರಗಳಿಗೆ, ಹೂಳೆತ್ತುವ ಹಡಗುಗಳಿಗೆ, ದೂರದ ಗುತ್ತಿಗೆದಾರರಿಗೆ ಹೋಗುವ ಹಣವೂ ಅದರಲ್ಲೇ ಸೇರಿದೆ; ಅಂಕೋಲೆಯ ಪೇಟೆಗೆ ಬರುವುದು ಎಷ್ಟು ಎಂಬುದು ಆ ಸಂಖ್ಯೆಯಿಂದ ತಿಳಿಯದು. ದಂಡೆಯ ಮೇಲೆ ದೋಣಿ ಎಳೆದು ನಿಲ್ಲಿಸುವ ಮೀನುಗಾರನ ಪ್ರಶ್ನೆಗಳು ಇನ್ನೂ ಬೇರೆ: ಅಲೆತಡೆಗೋಡೆ ಕಟ್ಟಿದ ಮೇಲೆ ಮರಳು ಎಲ್ಲಿ ಕೊರೆದು ಎಲ್ಲಿ ತುಂಬುತ್ತದೆ, ಬಲೆ ಹಾಕುವ ಜಾಗಕ್ಕೆ ಹೋಗಲು ದಾರಿ ಉಳಿಯುತ್ತದೆಯೇ, ಮೀನು ಒಣಗಿಸುವ ಹೆಂಗಸರಿಗೆ ದಂಡೆ ಉಳಿಯುತ್ತದೆಯೇ?

ಇವುಗಳನ್ನು ಕೇಳಲು ಕಾನೂನು ಗೊತ್ತುಮಾಡಿದ ಜಾಗ ಸಾರ್ವಜನಿಕ ಅಹವಾಲು ಸಭೆ. ಕೇಣಿಯ ಬಂದರಿನ ಸಭೆ 2025ರ ಆಗಸ್ಟ್‌ನಲ್ಲಿ ಅಂಕೋಲೆಯಲ್ಲಿ ನಡೆದಾಗ ಜನ ದೊಡ್ಡ ಸಂಖ್ಯೆಯಲ್ಲಿ ಸೇರಿ ವಿರೋಧ ದಾಖಲಿಸಿದರು, ಪ್ರತಿಭಟನೆಯ ಚಿತ್ರಗಳು ಎಲ್ಲೆಡೆ ಬಂದವು. ಆದರೆ ನಿರ್ಧಾರವಾಗುವುದು ಆ ಸಭೆಯಲ್ಲಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಭೆಯ ನಡಾವಳಿ ಮುಂದಿನ ಹಂತದ ತಜ್ಞರ ಸಮಿತಿಗೆ ಹೋಗುತ್ತದೆ, ಅದು ಪರಿಶೀಲಿಸಿ ಶಿಫಾರಸು ಮಾಡಿದ ಮೇಲೆಯೇ ಅನುಮತಿಯ ಮಾತು. ಸಭೆಗೆ ಕನಿಷ್ಠ 30 ದಿನ ಮೊದಲು ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ ಮತ್ತು ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಯೋಜನೆಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಜಿಲ್ಲಾಧಿಕಾರಿ ಕಚೇರಿ, ಸ್ಥಳೀಯ ಸಂಸ್ಥೆಗಳಂಥ ಕಡೆ ಓದಲು ಸಿಗಬೇಕು. ಸಭೆಗೆ ಕೋರಂ ಎಂಬುದಿಲ್ಲ. ಹತ್ತು ಜನ ಬಂದರೂ ಸಭೆ ಸಭೆಯೇ.

ಅಂದರೆ ಓದುಗನಿಗೆ ಅತ್ಯಂತ ಉಪಯುಕ್ತವಾದ ಮೂವತ್ತು ದಿನಗಳು ಶುರುವಾಗುವುದು ಒಳಪುಟದ ಒಂದು ಸಣ್ಣ ಜಾಹೀರಾತಿನಿಂದ. ಅದನ್ನು ಪತ್ರಿಕೆ ಹಣ ಪಡೆದು ಅಚ್ಚುಮಾಡುತ್ತದೆ, ಆದರೆ ಅದೇ ಪತ್ರಿಕೆಯ ಸುದ್ದಿ ವಿಭಾಗ ಅದನ್ನು ಸುದ್ದಿಯೆಂದು ಎಣಿಸುವುದು ಅಪರೂಪ. ಸಾರಾಂಶದಲ್ಲಿ ಏನಿದೆ, ಮೀನುಗಾರಿಕೆಯ ಕುರಿತು ಎಷ್ಟು ಪುಟಗಳಿವೆ, ಲಿಖಿತ ಆಕ್ಷೇಪಣೆಯನ್ನು ಯಾರಿಗೆ ಕಳಿಸಬೇಕು ಎಂದು ತಿಳಿಸುವ ವರದಿ ಆ ದಿನಗಳಲ್ಲಿ ಬಂದರೆ, ಸಭೆಯಲ್ಲಿ ‘ಬಂದರು ಬೇಡ’ ಎಂಬ ಕೂಗಿನ ಜೊತೆಗೆ, ಸಾರಾಂಶದ ಇಂಥ ಪುಟದ ಇಂಥ ಮಾತು ನಮ್ಮ ದಂಡೆಗೆ ಒಪ್ಪುವುದಿಲ್ಲ ಎಂಬ ಮಾತೂ ದಾಖಲಾಗುತ್ತದೆ. ಸಭೆಯ ಕೊನೆಯಲ್ಲಿ ನಡಾವಳಿಯನ್ನು ಅಲ್ಲಿದ್ದವರಿಗೆ ಅವರ ಭಾಷೆಯಲ್ಲೇ ಓದಿ ಹೇಳಬೇಕೆಂಬ ನಿಯಮವಿದೆ. ತಜ್ಞರ ಸಮಿತಿಯ ಮೇಜಿಗೆ ಹೋಗುವುದು ಆ ಕಾಗದ ಮತ್ತು ಅದರ ಜೊತೆ ಲಗತ್ತಿಸಿದ ಲಿಖಿತ ಆಕ್ಷೇಪಣೆಗಳು.